ಕ್ಲಾಟ್ ಲಾಜಿಕಲ್ ರೀಸನಿಂಗ್: ಕೊನೆಗೆ ಎರಡು ಆಯ್ಕೆ ಉಳಿದಾಗ ಯಾವುದನ್ನು ಹಿಡಿಯೋದು?

ವಿಜಯನಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯು, ಕಾಮರ್ಸ್. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಈ ಸಲ ಕಾನೂನು ಕಾಲೇಜಿಗೆ ಸೇರಲು ಕ್ಲಾಟ್ ಪ್ರವೇಶ ಪರೀಕ್ಷೆ ಬರೆಯುತ್ತಿದ್ದೇನೆ. ಲೀಗಲ್, ಕರೆಂಟ್ ಅಫೇರ್ಸ್ ಹೇಗೋ ನಡೆಯುತ್ತಿದೆ. ಲಾಜಿಕಲ್‌ನಲ್ಲಿ ಮಾತ್ರ ಪ್ರತಿ ಸಲವೂ ಅದೇ ಕಥೆ. ನಾಲ್ಕು ಆಯ್ಕೆಯಲ್ಲಿ ಎರಡನ್ನು ತಕ್ಷಣ ಹೊಡೆದು ಹಾಕಬಹುದು. ಉಳಿದ ಎರಡೂ ಸರಿ ಅಂತಲೇ ಕಾಣುತ್ತವೆ.

ಒಂದು ಮಾಕ್ ಟೆಸ್ಟಿನ ಪ್ರಶ್ನೆ ಕೊಡುತ್ತೇನೆ. ಉದ್ದದ ಪ್ಯಾಸೇಜ್, ಸಾರ ಮಾತ್ರ ಬರೆದಿದ್ದೇನೆ.

"ಹೋದ ವರ್ಷ ಬಡಾವಣೆಯ ಮಾರ್ಕೆಟ್ ರಸ್ತೆಯನ್ನು ಒನ್‌ವೇ ಮಾಡಲಾಯಿತು. ಅಲ್ಲಿಂದೀಚೆಗೆ ಆ ರಸ್ತೆಯಲ್ಲಿ ಅಪಘಾತ ಅರ್ಧಕ್ಕೆ ಇಳಿದಿದೆ. ಹೀಗಾಗಿ, ಒನ್‌ವೇ ಮಾಡಿದ್ದರಿಂದ ಬಡಾವಣೆಯಲ್ಲಿ ಅಪಘಾತ ಕಡಿಮೆಯಾಗಿದೆ."

ಈ ವಾದ ಯಾವ ಊಹೆಯ ಮೇಲೆ ನಿಂತಿದೆ?

ಎ) ಅಪಘಾತ ತಗ್ಗಿಸಲು ಒನ್‌ವೇ ಬಿಟ್ಟು ಬೇರೆ ದಾರಿ ಇಲ್ಲ.
ಬಿ) ಯಾವುದೇ ರಸ್ತೆಯನ್ನು ಒನ್‌ವೇ ಮಾಡಿದರೂ ಅಲ್ಲಿ ಅಪಘಾತ ಕಡಿಮೆಯಾಗುತ್ತದೆ.
ಸಿ) ಬಡಾವಣೆಯ ಬೇರೆ ರಸ್ತೆಗಳಲ್ಲಿ ಅಪಘಾತ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಏರಿಲ್ಲ.
ಡಿ) ಬಡಾವಣೆಯ ಹೆಚ್ಚಿನವರಿಗೆ ಒನ್‌ವೇ ಇಷ್ಟವಾಗಿದೆ.

ಎ, ಡಿ ಹೋಯಿತು. ನನಗೆ ಬಿ ಸರಿ ಅನ್ನಿಸುತ್ತದೆ. ಬಿ ನಿಜವಾದರೆ ವಾದಕ್ಕೆ ಒಳ್ಳೆ ಬಲ ಬರುತ್ತದಲ್ವಾ? ಕೀ ಆನ್ಸರ್‌ನಲ್ಲಿ ಸಿ ಅಂತ ಇದೆ. ಬೇರೆ ರಸ್ತೆಗಳ ಮಾತು ಪ್ಯಾಸೇಜಿನಲ್ಲಿ ಎಲ್ಲೂ ಇಲ್ಲ. ಕೀ ತಪ್ಪಿರಬಹುದಾ?

ಹೊಸಕೆರೆಹಳ್ಳಿ ಹರಿ

ಪ್ರಶ್ನೆ ತೆಗೆದವರು ಬೆಂಗಳೂರಿನವರಲ್ಲ ಬಿಡಿ. ನಮ್ಮ ಕಡೆ ಒನ್‌ವೇ ಬೋರ್ಡ್ ಹಾಕಿದ ದಿನದಿಂದ ಉಲ್ಟಾ ಬರುವವರೇ ಜಾಸ್ತಿ. ಬಿ ಯಂತೂ ಶುದ್ಧ ಸುಳ್ಳು.

ನಾಗರಭಾವಿ ಅಕ್ಕ

ಹರಿ, ನಗು ಬಂತು. ಆದರೆ ನೀವು ಬಿ ಯನ್ನು ಬಿಟ್ಟ ಕಾರಣ ಪರೀಕ್ಷೆಯಲ್ಲಿ ನಡೆಯಲ್ಲ. ಊರಲ್ಲಿ ಏನು ನಡೆಯುತ್ತಿದೆ ಅಂತ ಅವರು ಕೇಳಿಲ್ಲ. ಈ ವಾದ ನಿಲ್ಲಲು ಏನು ಬೇಕು ಅಂತ ಕೇಳಿದ್ದಾರೆ.

ತಂಗಿ, ಉತ್ತರ ಸಿ. ಕೀ ಸರಿ ಇದೆ. ಯಾಕೆ ಅಂತ ನಿಧಾನವಾಗಿ ನೋಡೋಣ.

ಮೊದಲು ಆಯ್ಕೆಗಳನ್ನು ಕೈಯಿಂದ ಮುಚ್ಚಿಕೋ. ನಿಜವಾಗಿಯೂ ಮುಚ್ಚು. ಈಗ ಬರೆದವನು ಕೊನೆಗೆ ಏನು ಹೇಳುತ್ತಿದ್ದಾನೆ ನೋಡು: "ಬಡಾವಣೆಯಲ್ಲಿ ಅಪಘಾತ ಕಡಿಮೆಯಾಗಿದೆ." ಅದಕ್ಕೆ ಕೊಟ್ಟ ಆಧಾರ? "ಮಾರ್ಕೆಟ್ ರಸ್ತೆಯಲ್ಲಿ ಕಡಿಮೆಯಾಗಿದೆ." ಆಧಾರ ಇರುವುದು ಒಂದು ರಸ್ತೆಯ ಬಗ್ಗೆ. ತೀರ್ಮಾನ ಇರುವುದು ಇಡೀ ಬಡಾವಣೆಯ ಬಗ್ಗೆ. ರಸ್ತೆಯಿಂದ ಬಡಾವಣೆಗೆ ಅವನು ಸುಮ್ನೆ ಹಾರಿಬಿಟ್ಟ. ಅವನು ಬಾಯಿಬಿಟ್ಟು ಹೇಳದೆ ನಂಬಿಕೊಂಡಿದ್ದು ಆ ಹಾರಿದ ಜಾಗದಲ್ಲೇ ಇರುತ್ತದೆ.

ಈಗ ಆಯ್ಕೆಗಳನ್ನು ನೋಡು. ಸಿ ನೇರವಾಗಿ ಆ ಜಾಗಕ್ಕೆ ಬಂದು ಕೂರುತ್ತದೆ. ಒನ್‌ವೇ ಆದಮೇಲೆ ಗಾಡಿಗಳು ಅಡ್ಡರಸ್ತೆಗೆ ನುಗ್ಗುತ್ತವೆ. ಅಲ್ಲಿ ಅಪಘಾತ ಅಷ್ಟೇ ಏರಿದರೆ ಬಡಾವಣೆಯ ಒಟ್ಟು ಲೆಕ್ಕದಲ್ಲಿ ಏನೂ ಇಳಿದಿಲ್ಲ. ಬರೆದವನಿಗೆ ಇದು ತಲೆಗೆ ಬಂದಿಲ್ಲ, ಅಥವಾ ಬಂದರೂ ಹೇಳಿಲ್ಲ. ಬೇರೆ ರಸ್ತೆಗಳ ಮಾತು ಪ್ಯಾಸೇಜಿನಲ್ಲಿ ಇಲ್ಲ ಅಂದೆಯಲ್ಲ, ಊಹೆಯನ್ನು ಕೇಳಿದಾಗ ಅದು ಇರಲೇಬಾರದು. ಬರೆದಿದ್ದರೆ ಅದು ಊಹೆ ಯಾಕಾಗುತ್ತದೆ?

ಬಿ ಯಾಕಲ್ಲ ಅನ್ನುವುದಕ್ಕೆ ಒಂದು ಪರೀಕ್ಷೆ ಇದೆ. ಆಯ್ಕೆಯನ್ನು ಉಲ್ಟಾ ಮಾಡಿ ಓದು. ಬಿ ಯ ಉಲ್ಟಾ: "ಎಲ್ಲೋ ಒಂದು ರಸ್ತೆಯಲ್ಲಾದರೂ ಒನ್‌ವೇ ಮಾಡಿದ ಮೇಲೆ ಅಪಘಾತ ಕಡಿಮೆಯಾಗಲಿಲ್ಲ." ಆಗಲಿ, ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಆಗಲಿಲ್ಲ ಅಂತಿಟ್ಟುಕೋ. ಈ ಮಾರ್ಕೆಟ್ ರಸ್ತೆಯ ಮಾತಿಗೆ ಅದರಿಂದ ಏನೂ ಆಗಲ್ಲ. ಈಗ ಸಿ ಯ ಉಲ್ಟಾ: "ಬೇರೆ ರಸ್ತೆಗಳಲ್ಲಿ ಅಷ್ಟೇ ಅಥವಾ ಜಾಸ್ತಿ ಏರಿದೆ." ವಾದ ಅಲ್ಲೇ ಬಿದ್ದುಹೋಯಿತು. ಉಲ್ಟಾ ಮಾಡಿದಾಗ ಯಾವುದು ವಾದವನ್ನು ಕೆಡವುತ್ತದೋ ಅದೇ ಉತ್ತರ.

ನೀನು ಬಿ ಹಿಡಿದಿದ್ದು ಯಾಕೆ ಅಂತಲೂ ಹೇಳುತ್ತೇನೆ. ನೀನು "ವಾದಕ್ಕೆ ಬಲ ಕೊಡೋದು ಯಾವುದು" ಅಂತ ಹುಡುಕಿದೆ. ಅವರು ಕೇಳಿದ್ದು "ಯಾವುದಿಲ್ಲದೆ ವಾದ ನಿಲ್ಲಲ್ಲ" ಅಂತ. ಎರಡೂ ಬೇರೆ ಪ್ರಶ್ನೆ. ಕೊನೆಗೆ ಎರಡು ಉಳಿದಾಗ ಹೆಚ್ಚಿನವರು ಆ ಎರಡನ್ನೇ ಪಕ್ಕಪಕ್ಕ ಇಟ್ಟುಕೊಂಡು ಮತ್ತೆ ಮತ್ತೆ ಓದುತ್ತಾರೆ. ಅದರಿಂದ ತಲೆ ಇನ್ನೂ ಕೆಡುತ್ತದೆ. ಪ್ರಶ್ನೆಯ ಸಾಲಿಗೆ ವಾಪಸ್ ಹೋಗು, ತೀರ್ಮಾನದ ಸಾಲಿಗೆ ವಾಪಸ್ ಹೋಗು. ಎರಡರಲ್ಲಿ ಒಂದನ್ನು ಬಿಡಿಸಿಕೊಡೋದು ಆ ಸಾಲುಗಳೇ.

ವಿಜಯನಗರದ ಹುಡುಗಿ

ಅಕ್ಕ, ಥ್ಯಾಂಕ್ಸ್. ಉಲ್ಟಾ ಮಾಡುವುದು ಕೋಚಿಂಗ್‌ನಲ್ಲೂ ಹೇಳಿದ್ದರು. "ಎಲ್ಲ" ಅನ್ನುವುದರ ಉಲ್ಟಾ "ಯಾವುದೂ ಇಲ್ಲ" ಅಂತ ತೆಗೆದುಕೊಳ್ಳುತ್ತಿದ್ದೆ. "ಒಂದಾದರೂ ಅಲ್ಲ" ಅಂತ ಈಗ ಗೊತ್ತಾಯಿತು.

ಇನ್ನೊಂದು ಅನುಮಾನ. ಸಿ ಯಲ್ಲಿ "ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ" ಅಂತ ಯಾಕೆ ಸುತ್ತಿ ಬಳಸಿ ಬರೆದಿದ್ದಾರೆ? "ಬೇರೆ ರಸ್ತೆಗಳಲ್ಲಿ ಅಪಘಾತ ಸ್ವಲ್ಪವೂ ಏರಿಲ್ಲ" ಅಂತ ಬರೆದರೆ ಸಾಕಿತ್ತಲ್ವಾ?

ನಾಗರಭಾವಿ ಅಕ್ಕ

ಇದು ಒಳ್ಳೆ ಪ್ರಶ್ನೆ. ಸಾಕಾಗಲ್ಲ, ಯಾಕೆಂದರೆ ಅದು ಬೇಕಾದ್ದಕ್ಕಿಂತ ಜಾಸ್ತಿ ಕೇಳುತ್ತದೆ.

ಅಂಕಿ ಹಾಕಿ ನೋಡು. ಮಾರ್ಕೆಟ್ ರಸ್ತೆಯಲ್ಲಿ ಅಪಘಾತ 20 ಇದ್ದದ್ದು 10 ಆಯಿತು. ಉಳಿದ ರಸ್ತೆಗಳಲ್ಲಿ 30 ಇದ್ದದ್ದು 33 ಆಯಿತು. ಒಟ್ಟು 50 ಇದ್ದದ್ದು 43. ಅಡ್ಡರಸ್ತೆಗಳಲ್ಲಿ ಸ್ವಲ್ಪ ಏರಿದೆ, ಆದರೂ ಬಡಾವಣೆಯಲ್ಲಿ ಕಡಿಮೆಯಾಗಿದೆ. ವಾದ ಇನ್ನೂ ನಿಂತಿದೆ. ಅಂದರೆ "ಸ್ವಲ್ಪವೂ ಏರಿಲ್ಲ" ಅನ್ನುವುದು ವಾದಕ್ಕೆ ಅನಿವಾರ್ಯ ಅಲ್ಲ. ಅದೇ 30 ಇದ್ದದ್ದು 40 ಆದರೆ ಒಟ್ಟು ಮತ್ತೆ 50. ಆಗ ಮುಗಿಯಿತು.

ಪರೀಕ್ಷೆಯಲ್ಲಿ ಸಿ ಯ ಪಕ್ಕದಲ್ಲೇ ಈ "ಸ್ವಲ್ಪವೂ ಏರಿಲ್ಲ" ಇಟ್ಟಿದ್ದರೆ ಅರ್ಧ ಜನ ಅದನ್ನೇ ಹಿಡಿಯುತ್ತಿದ್ದರು. ಊಹೆಯ ಪ್ರಶ್ನೆಯಲ್ಲಿ ಮೆತ್ತಗೆ ಮಾತಾಡುವ ಆಯ್ಕೆಗೆ ಒಂದು ಕಣ್ಣು ಜಾಸ್ತಿ ಇಡು. "ಯಾವಾಗಲೂ", "ಯಾವುದೇ", "ಒಂದೇ ದಾರಿ" ಅನ್ನುವ ಆಯ್ಕೆಗಳಿಗೆ ಎರಡು ಸಲ ಯೋಚಿಸು. ಹಾಗಂತ ಇದನ್ನೇ ಸೂತ್ರ ಮಾಡಿಕೊಳ್ಳಬೇಡ. ವಾದವೇ ಜೋರಾಗಿದ್ದರೆ ಊಹೆಯೂ ಜೋರಾಗಿರುತ್ತದೆ.

ಟೈಮ್ ಇಲ್ಲ ಗುರು

ಇದೆಲ್ಲ ಕೂತು ಓದಲು ಚೆಂದ. 120 ಪ್ರಶ್ನೆ, 120 ನಿಮಿಷ. ಪ್ಯಾಸೇಜೇ 450 ಪದದ ತನಕ ಇರುತ್ತದೆ. ಕೈಯಲ್ಲಿ ಆಯ್ಕೆ ಮುಚ್ಚಿಕೊಂಡು, 20, 10 ಅಂತ ಲೆಕ್ಕ ಹಾಕಿಕೊಂಡು ಕೂತರೆ ಕ್ವಾಂಟ್ (ಗಣಿತದ ಭಾಗ) ಮುಟ್ಟುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಮೊದಲು ಪ್ರಶ್ನೆ ಓದು, ಆಮೇಲೆ ಪ್ಯಾಸೇಜ್ ಮೇಲೆ ಕಣ್ಣಾಡಿಸು, ಸರಿ ಅನ್ನಿಸಿದ್ದನ್ನು ತುಂಬು, ಮುಂದಕ್ಕೆ ಹೋಗು.

ನಾಗರಭಾವಿ ಅಕ್ಕ

ಗುರು, ಪರೀಕ್ಷೆಯ ದಿನ ಹೀಗೆ ಮಾಡಿ ಅಂತ ನಾನು ಹೇಳಿಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ಗಡಿಯಾರ ತೆಗೆದಿಟ್ಟು ಹೀಗೆ ಮಾಡಿದರೆ ಪರೀಕ್ಷೆಯಲ್ಲಿ ಕೈ ಮುಚ್ಚುವ ಕೆಲಸವೇ ಇರಲ್ಲ. ಆಧಾರ ಯಾವುದು, ತೀರ್ಮಾನ ಯಾವುದು ಅಂತ ಕಣ್ಣು ತಾನಾಗಿ ಹುಡುಕುತ್ತದೆ.

ಇನ್ನು ಟೈಮಿನ ಲೆಕ್ಕ. ಲಾಜಿಕಲ್‌ನಲ್ಲಿ 22ರಿಂದ 26 ಪ್ರಶ್ನೆ, ಪೇಪರಿನ ಐದನೇ ಒಂದು ಭಾಗ. ಒಂದು ಪ್ಯಾಸೇಜಿನ ಕೆಳಗೆ ಹಲವು ಪ್ರಶ್ನೆ. ಒಂದು ಸಲ ಪ್ಯಾಸೇಜನ್ನು ಸರಿಯಾಗಿ ಓದಿದರೆ ಅಷ್ಟಕ್ಕೂ ಅನುಕೂಲ. ಕಣ್ಣಾಡಿಸಿದರೆ ಪ್ರತಿ ಪ್ರಶ್ನೆಗೂ ಮತ್ತೆ ಮೇಲಕ್ಕೆ ಓಡಬೇಕು. ಟೈಮ್ ಹೋಗುವುದು ಆ ಓಡಾಟದಲ್ಲೇ.

ಮಗಳ ಅಪ್ಪ

ನಮ್ಮ ಮಗಳು ಮುಂದಿನ ವರ್ಷ ಬರೆಯುತ್ತಾಳೆ. ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಸಿಕ್ಕಿತು, ತಂದಿದ್ದೇನೆ. ಅದರಲ್ಲಿ ರಕ್ತಸಂಬಂಧ, ಕೋಡಿಂಗ್, ಯಾರು ಯಾರ ಪಕ್ಕ ಕೂತಿದ್ದಾರೆ ಇಂಥದ್ದೇ ತುಂಬಿದೆ. ನೀವು ಹೇಳುತ್ತಿರುವುದು ಒಂದೂ ಇಲ್ಲ. ಪುಸ್ತಕ ಬೇರೆ ಪರೀಕ್ಷೆಯದಾ?

ನಾಗರಭಾವಿ ಅಕ್ಕ

ಅಂಕಲ್, ಪರೀಕ್ಷೆ ಅದೇ, ಕಾಲ ಬೇರೆ. ಕ್ಲಾಟ್ ಶುರುವಾಗಿದ್ದು 2008ರಲ್ಲಿ. ಆಗ 200 ಪ್ರಶ್ನೆ, ಎಲ್ಲ ಚಿಕ್ಕಚಿಕ್ಕವು. 2020ರಲ್ಲಿ ಪ್ಯಾಸೇಜ್ ಮಾದರಿಗೆ ಬದಲಾಯಿಸಿ 150 ಮಾಡಿದರು. 2024ರ ಪ್ರವೇಶದ ಪರೀಕ್ಷೆಯಿಂದ 120. ನಿಮ್ಮ ಪುಸ್ತಕ 2020ಕ್ಕಿಂತ ಹಿಂದಿನದು. ಆ ಥರದ ಪ್ರಶ್ನೆಗಳನ್ನು ಪೂರ್ತಿ ಕೈಬಿಡುವುದೂ ಬೇಡ. ಆದರೆ ಮುಖ್ಯ ಕೆಲಸ ಈಗ ವಾದ ಓದುವುದು. ಕ್ಲಾಟ್ ನಡೆಸುವ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ, ಅಂದರೆ ಕನ್ಸಾರ್ಟಿಯಂ, ಅದರ ವೆಬ್‌ಸೈಟಿನಲ್ಲಿ ಹಿಂದಿನ ಪೇಪರ್‌ಗಳು ಇವೆ. ಮೊದಲು ಅವನ್ನು ಪ್ರಿಂಟ್ ತೆಗೆಸಿಕೊಡಿ. ಪರೀಕ್ಷೆ ಪೇಪರ್ ಮೇಲೆ, ಓಎಂಆರ್ ಹಾಳೆಯಲ್ಲಿ. ಅಭ್ಯಾಸವೂ ಹಾಗೇ ಆಗಲಿ.

ಗಾಂಧಿಬಜಾರ್ ಮೇಷ್ಟ್ರು

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿ ನಿವೃತ್ತಿಯಾದವನು. ಮಕ್ಕಳು ಈ ಪರೀಕ್ಷೆಗೆ ಓದುವುದನ್ನು ನೋಡಿದರೆ ಖುಷಿಯಾಗುತ್ತದೆ. ಇದೆಲ್ಲ ಪರದೇಶದಿಂದ ಬಂದದ್ದು ಅಂತ ಹೆದರಿಕೊಳ್ಳಬೇಡಿ. ತರ್ಕವನ್ನೇ ಮುಖ್ಯ ಮಾಡಿಕೊಂಡ ನಮ್ಮ ನ್ಯಾಯದರ್ಶನದವರು ಇದನ್ನೇ ತಲೆತಲಾಂತರದಿಂದ ಜಗಳವಾಡಿಕೊಂಡು ಬಂದಿದ್ದಾರೆ.

ಅವರ ಹಳೆಯ ಉದಾಹರಣೆ ಎಲ್ಲರಿಗೂ ಗೊತ್ತು. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಸರಿ. ಈಗ ತಿರುಗಿಸಿ: ಎಲ್ಲಿ ಬೆಂಕಿಯೋ ಅಲ್ಲಿ ಹೊಗೆ. ಇದು ಸರಿಯೇ? ಕಾದು ಕೆಂಪಾದ ಕಬ್ಬಿಣದ ಗುಂಡು ನೋಡಿ ಅಂದರು ನೈಯಾಯಿಕರು. ಬೆಂಕಿ ಇದೆ, ಹೊಗೆ ಇಲ್ಲ. ಹಾಗಾಗಿ ಬೆಂಕಿ ನೋಡಿ ಹೊಗೆ ಇದೆ ಅನ್ನುವ ಹಾಗಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಹಾಗಾದರೆ ಬೆಂಕಿಯ ಜೊತೆ ಹೊಗೆ ಬರುವುದು ಯಾವಾಗ? ಹಸಿ ಸೌದೆ ಇದ್ದಾಗ. ಈ ನಡುವೆ ಅಡಗಿ ಕೂತ ಷರತ್ತನ್ನು ಅವರು ಉಪಾಧಿ ಅಂತ ಕರೆದರು. "ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ" ಅನ್ನುವವನು ಸೌದೆ ಹಸಿ ಅಂತ ಹೇಳದೆಯೇ ನಂಬಿಕೊಂಡಿದ್ದಾನೆ. ಅಕ್ಕ ಅವರು ತೋರಿಸಿದ ಅಡ್ಡರಸ್ತೆ ಇದೇ ಜಾತಿಯದು.

ಇನ್ನೊಂದು ಮಾತು. ಅವರ ಪಂಚಾವಯವದಲ್ಲಿ (ಐದು ಭಾಗಗಳ ವಾದದಲ್ಲಿ) ಪ್ರತಿಜ್ಞೆ ಮೊದಲು, ಹೇತು ಆಮೇಲೆ. ಅಂದರೆ ಸಾಧಿಸಬೇಕಾದ ಮಾತನ್ನೇ ಮೊದಲು ಹೇಳುತ್ತಾರೆ, ಕಾರಣ ಹಿಂದೆ ಬರುತ್ತದೆ. ಪ್ಯಾಸೇಜಿನ ಕೊನೆಯ ಸಾಲೇ ತೀರ್ಮಾನ ಅಂತ ಮಕ್ಕಳು ನಂಬಿರುತ್ತಾರೆ. ಅದು ಮೊದಲ ಸಾಲಿನಲ್ಲೂ ಇರಬಹುದು, ನಡುವೆ ಎಲ್ಲೋ "ಆದರೆ" ಅನ್ನುವ ಮಾತಿನ ಹಿಂದೆಯೂ ಇರಬಹುದು. "ಯಾಕೆ?" ಅಂತ ಕೇಳಿ. ಬೇರೆ ಸಾಲುಗಳು ಯಾವ ಸಾಲಿಗೆ ಉತ್ತರ ಕೊಡುತ್ತವೋ ಅದು ತೀರ್ಮಾನ.

ಕಂಡಕ್ಟರ್ ಮಗ

ಮೇಷ್ಟ್ರೇ, ನಮಸ್ಕಾರ. ಬೆಂಕಿ ಹೊಗೆ ತಿರುಗಿಸುವ ವಿಚಾರಕ್ಕೆ ನಾನು ಒಂದು ಲೆಕ್ಕ ಕೊಡುತ್ತೇನೆ. ಎಲ್ಲರೂ ಉತ್ತರ ಹೇಳಿ.

ಬಸ್ಸಿನಲ್ಲಿ ಒಂದು ನಿಯಮ: "ಹಿರಿಯ ನಾಗರಿಕರ ರಿಯಾಯಿತಿ ಟಿಕೆಟ್ ಇದ್ದರೆ ವಯಸ್ಸು 60 ದಾಟಿರಬೇಕು." ಚೆಕಿಂಗ್‌ನವರು ಮೆಜೆಸ್ಟಿಕ್‌ನಲ್ಲಿ ಹತ್ತಿದರು. ನಾಲ್ಕು ಜನ ಕೂತಿದ್ದಾರೆ.

ಒಬ್ಬರ ಕೈಯಲ್ಲಿ ರಿಯಾಯಿತಿ ಟಿಕೆಟ್, ಮುಖ ಕಾಣುತ್ತಿಲ್ಲ. ಒಬ್ಬರ ಕೈಯಲ್ಲಿ ಪೂರ್ತಿ ದರದ ಟಿಕೆಟ್, ಮುಖ ಕಾಣುತ್ತಿಲ್ಲ. ಒಬ್ಬರಿಗೆ 70 ವರ್ಷ, ಟಿಕೆಟ್ ಜೇಬಲ್ಲಿದೆ. ಒಬ್ಬನಿಗೆ 25, ಟಿಕೆಟ್ ಜೇಬಲ್ಲಿದೆ.

ನಿಯಮ ಮುರಿದಿದೆಯಾ ಅಂತ ತಿಳಿಯಲು ಯಾರ್ಯಾರನ್ನು ತಪಾಸಣೆ ಮಾಡಲೇಬೇಕು?

ಟೈಮ್ ಇಲ್ಲ ಗುರು

ರಿಯಾಯಿತಿ ಟಿಕೆಟ್ ಹಿಡಿದವರು, 70 ವರ್ಷದವರು. ಐದು ಸೆಕೆಂಡ್.

ವಿಜಯನಗರದ ಹುಡುಗಿ

ರಿಯಾಯಿತಿ ಟಿಕೆಟ್‌ನವರು, 25ರ ಹುಡುಗ. ಅಜ್ಜನ ಹತ್ತಿರ ಯಾವ ಟಿಕೆಟ್ ಇದ್ದರೂ ನಿಯಮ ಮುರಿಯಲ್ಲ. ಅವರು ಪೂರ್ತಿ ದುಡ್ಡು ಕೊಟ್ಟು ಹೋದರೂ ತಪ್ಪೇನಿಲ್ಲ. ಹುಡುಗನ ಹತ್ತಿರ ರಿಯಾಯಿತಿ ಟಿಕೆಟ್ ಇದ್ದರೆ ಸಿಕ್ಕಿಬಿದ್ದ.

ಕಂಡಕ್ಟರ್ ಮಗ

ತಂಗಿ ಸರಿ. ಗುರು, ನೀವು ಅಜ್ಜನನ್ನು ಸುಮ್ನೆ ಎಬ್ಬಿಸಿದಿರಿ.

ಇದು ನನ್ನ ಸ್ವಂತ ಐಡಿಯಾ ಅಲ್ಲ. 1966ರಲ್ಲಿ ಪೀಟರ್ ವೇಸನ್ ಅನ್ನುವ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ನಾಲ್ಕು ಕಾರ್ಡು ಇಟ್ಟು ಇಂಥದ್ದೇ ಪರೀಕ್ಷೆ ಮಾಡಿದ. ಅದರಲ್ಲಿ ಅಕ್ಷರ, ಅಂಕಿ ಇದ್ದವು. ಬಹಳಷ್ಟು ಜನ ಎಡವಿದರು. ಆಮೇಲೆ ಬೇರೆಯವರು ಅದೇ ಲೆಕ್ಕವನ್ನು ವಯಸ್ಸು, ಮದ್ಯದ ನಿಯಮಕ್ಕೆ ಹಾಕಿದಾಗ ಜನ ಸುಲಭವಾಗಿ ಬಿಡಿಸಿದರು. ಲಾಜಿಕ್ ಒಂದೇ. ಕಣ್ಣಿಗೆ ಕಟ್ಟುವ ಹಾಗಿದ್ದರೆ ತಲೆ ಓಡುತ್ತದೆ. ಹಾಗಾಗಿ ಪ್ಯಾಸೇಜಿನಲ್ಲಿ "ಇದಾದರೆ ಅದು" ಅಂತ ಒಣ ಮಾತು ಬಂದರೆ ನಾನು ಅದನ್ನು ಬಸ್ಸಿಗೆ ಹತ್ತಿಸುತ್ತೇನೆ.

ಗಾಂಧಿಬಜಾರ್ ಮೇಷ್ಟ್ರು

ಕಬ್ಬಿಣದ ಗುಂಡಿಗಿಂತ ನಿಮ್ಮ ಬಸ್ಸು ವಾಸಿ. ಮಕ್ಕಳಿಗೆ ಇದನ್ನೇ ಹೇಳುತ್ತೇನೆ.

ವಿಜಯನಗರದ ಹುಡುಗಿ

ಕನ್ನಡದಲ್ಲಿ ಯೋಚಿಸಿದರೆ ನನಗೆ ತಕ್ಷಣ ಹೊಳೆಯುತ್ತದೆ. ಇಂಗ್ಲಿಷಿನಲ್ಲಿ ಅದೇ ವಾಕ್ಯ ನಾಲ್ಕು ಸಾಲು ಎಳೆದಿರುತ್ತಾರೆ. ಕೊನೆ ಮುಟ್ಟುವಷ್ಟರಲ್ಲಿ ಶುರು ಮರೆತುಹೋಗುತ್ತದೆ. ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ ಇರುವುದು. ಕನ್ನಡಕ್ಕೆ ತಂದುಕೊಂಡು ಯೋಚಿಸುವುದು ಒಳ್ಳೆಯದಾ, ಅಭ್ಯಾಸ ಕೆಡುತ್ತದಾ?

ಟೈಮ್ ಇಲ್ಲ ಗುರು

ಕೆಡುತ್ತದೆ. ಇಂಗ್ಲಿಷ್ ಪರೀಕ್ಷೆಗೆ ಇಂಗ್ಲಿಷಿನಲ್ಲೇ ಯೋಚಿಸಬೇಕು. ಅನುವಾದ ಮಾಡಿಕೊಂಡು ಕೂತರೆ ಆಗಲ್ಲ.

ನಾಗರಭಾವಿ ಅಕ್ಕ

ನಾನು ಒಪ್ಪಲ್ಲ. ಪ್ಯಾಸೇಜ್ ಪೂರ್ತಿ ಅನುವಾದ ಮಾಡು ಅಂತ ಯಾರೂ ಹೇಳುತ್ತಿಲ್ಲ. ಓದಿ ಮುಗಿಸಿದ ಮೇಲೆ ಒಂದೇ ಸಾಲು, ನಿನ್ನ ಮನೆಯಲ್ಲಿ ಅಮ್ಮನಿಗೆ ಹೇಳುವ ಹಾಗೆ: "ಇವನು ಹೀಗಂತಾನೆ, ಯಾಕೆ ಅಂದರೆ ಇದಕ್ಕೆ." ಇಷ್ಟು ಹೇಳಲು ಬಂದರೆ ಪ್ಯಾಸೇಜ್ ಅರ್ಥವಾಗಿದೆ. ಬರದಿದ್ದರೆ ಇಂಗ್ಲಿಷಿನಲ್ಲೂ ಅರ್ಥವಾಗಿಲ್ಲ, ಪದಗಳು ಕಣ್ಣ ಮುಂದೆ ಹಾದುಹೋಗಿವೆ ಅಷ್ಟೇ. ನನ್ನ ಕ್ಲಾಸಿನಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡುವವರೂ ಇಲ್ಲೇ ಜಾರುತ್ತಾರೆ. ಎಲ್ಲ ಪದ ಗೊತ್ತಿದೆ ಅನ್ನುವ ಧೈರ್ಯದಲ್ಲಿ ವಾದವನ್ನೇ ನೋಡಿರುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ. "ಓನ್ಲಿ ಇಫ್", "ಅನ್‌ಲೆಸ್", "ಸಮ್", "ಮೋಸ್ಟ್" ಈ ಪದಗಳನ್ನು ಇಂಗ್ಲಿಷಿನಲ್ಲೇ ಗಟ್ಟಿ ಮಾಡಿಕೋ. ಅವಸರದಲ್ಲಿ "ಮೋಸ್ಟ್" ಅನ್ನುವುದು ತಲೆಯಲ್ಲಿ "ಎಲ್ಲ" ಆಗಿಬಿಡುತ್ತದೆ. ಅಲ್ಲಿಗೆ ಒಂದು ಮಾರ್ಕು ಹೋಯಿತು.

ರಾತ್ರಿ ಪಾಳಿ

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ವೈಟ್‌ಫೀಲ್ಡ್‌ನಲ್ಲಿ ಕೆಲಸದಲ್ಲಿದ್ದೇನೆ, ಅಮೆರಿಕದ ಲಾ ಸ್ಕೂಲಿಗೆ ಎಲ್‌ಸ್ಯಾಟ್ ಬರೆಯುವ ಆಲೋಚನೆ. ನಿಮ್ಮ ಮಾತು ಅಲ್ಲಿಗೂ ಹಾಗೇ ಹೊಂದುತ್ತದೆ. 2024ರ ಆಗಸ್ಟಿನಿಂದ ಅವರು ಲಾಜಿಕ್ ಗೇಮ್ಸ್ ಭಾಗ, ಅಂದರೆ ಯಾರು ಯಾರ ಪಕ್ಕ ಥರದ ಒಗಟುಗಳನ್ನು, ತೆಗೆದುಹಾಕಿದ್ದಾರೆ. ಅದಕ್ಕೆ ಕಾರಣ, ಕಣ್ಣು ಕಾಣದ ಇಬ್ಬರು ಅಭ್ಯರ್ಥಿಗಳು ಹಾಕಿದ ಕೇಸು 2019ರಲ್ಲಿ ರಾಜಿಯಾಯಿತು. ಆ ಗೇಮ್ಸ್ ಬಿಡಿಸಲು ಚಿತ್ರ ಬರೆದುಕೊಳ್ಳಬೇಕಿತ್ತು, ಕಾಣದವರು ಏನು ಮಾಡಬೇಕು? ಈಗ ಮಾರ್ಕಿಗೆ ಎಣಿಸುವ ಮೂರು ಭಾಗಗಳಲ್ಲಿ ಎರಡು ಲಾಜಿಕಲ್ ರೀಸನಿಂಗೇ. ಒಂದೊಂದಕ್ಕೆ 35 ನಿಮಿಷ. ಪ್ಯಾಸೇಜ್ ಚಿಕ್ಕದು, ಮೂರ್ನಾಲ್ಕು ಸಾಲು. ಹೆಚ್ಚಾಗಿ ಒಂದು ಪ್ಯಾಸೇಜಿಗೆ ಒಂದೇ ಪ್ರಶ್ನೆ. ಆಯ್ಕೆ ಐದು.

ಕ್ಲಾಟ್ ಹುಡುಗರಿಗೂ ಇದರಿಂದ ಲಾಭ ಇದೆ. ಪರೀಕ್ಷೆ ನಡೆಸುವವರ ಲಾಹಬ್ ಅನ್ನುವ ತಾಣದಲ್ಲಿ ಕೆಲವು ಹಳೆಯ ಪರೀಕ್ಷೆಗಳು ಪುಕ್ಕಟೆ ಸಿಗುತ್ತವೆ. ಊಹೆ, ಬಲ, ದುರ್ಬಲ, ದೋಷ ಎಲ್ಲ ಬಗೆಯೂ ಅದರಲ್ಲಿವೆ. ಅವಕ್ಕೆ ಇಟ್ಟ ತಪ್ಪು ಆಯ್ಕೆಗಳು ಎಷ್ಟು ಜಾಣತನದಿಂದ ಮಾಡಿದ್ದು ಅಂದರೆ, ಅವನ್ನು ಓದುವುದೇ ಒಂದು ಪಾಠ.

ಭಾರತಕ್ಕಂತ ಇದ್ದ ಎಲ್‌ಸ್ಯಾಟ್ ಇಂಡಿಯಾವನ್ನು 2024ರ ನಂತರ ನಿಲ್ಲಿಸಿದ್ದಾರೆ. ಹಳೆ ಲೇಖನ ನೋಡಿ ಅದಕ್ಕೆ ಅರ್ಜಿ ಹುಡುಕಬೇಡಿ.

ಎಲ್‌ಸ್ಯಾಟ್‌ನಲ್ಲಿ ತಪ್ಪಿಗೆ ಮಾರ್ಕ್ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡುವುದಿಲ್ಲ. ಕ್ಲಾಟ್‌ನಲ್ಲಿ ಕಳೆಯುತ್ತಾರಲ್ಲ, ನೀವು ಏನು ಮಾಡುತ್ತೀರಿ?

ಕಂಡಕ್ಟರ್ ಮಗ

ತಪ್ಪಿಗೆ ಕಾಲು ಮಾರ್ಕು ಹೋಗುತ್ತದೆ. ಲೆಕ್ಕ ಹಾಕೋಣ. ಎರಡು ಉಳಿದಿವೆ ಅಂದುಕೊಳ್ಳಿ. ಅರ್ಧ ಸಲ 1 ಸಿಗುತ್ತದೆ, ಅರ್ಧ ಸಲ 0.25 ಹೋಗುತ್ತದೆ. ಸರಾಸರಿ 0.375 ಲಾಭ. ಬಿಟ್ಟು ಬಂದರೆ ಸೊನ್ನೆ. ಎರಡು ಉಳಿದ ಪ್ರಶ್ನೆಯನ್ನು ಬಿಡುವುದು ದಡ್ಡತನ. ನಾಲ್ಕೂ ಗೊತ್ತಿಲ್ಲದೆ ಕಣ್ಣು ಮುಚ್ಚಿ ಹಾಕಿದರೂ 0.0625 ಸಿಗುತ್ತದೆ, ಅದು ಲೆಕ್ಕಕ್ಕಿಲ್ಲ.

ನಾಗರಭಾವಿ ಅಕ್ಕ

ಲೆಕ್ಕ ಸರಿ. ಒಂದು ಸೇರಿಸುತ್ತೇನೆ. ಉಳಿದ ಎರಡರಲ್ಲಿ ಒಂದು, ನಮ್ಮನ್ನು ಬೀಳಿಸಲೆಂದೇ ಬರೆದದ್ದು. ಹಾಗಾಗಿ ನಮ್ಮ ಅಂದಾಜು ಅರ್ಧಕ್ಕರ್ಧ ಇರಲ್ಲ, ಕೆಲವರಿಗೆ ಅದಕ್ಕಿಂತ ಕಡಿಮೆ ಇರುತ್ತದೆ. ಐದಕ್ಕೆ ಒಂದು ಸರಿಯಾದರೂ ನಷ್ಟ ಇಲ್ಲ ಅನ್ನುವುದು ಬೇರೆ ಮಾತು. ಆದರೆ ಯಾವ ಬಗೆಯ ಪ್ರಶ್ನೆಯಲ್ಲಿ ಜಾರುತ್ತೀಯ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. "ತಪ್ಪಾಯಿತು" ಅಂತಲ್ಲ. "ಬಲ ಕೊಡುವುದನ್ನು ಊಹೆ ಅಂದುಕೊಂಡೆ" ಅಂತ ಬರಿ.

ಹೊಸಕೆರೆಹಳ್ಳಿ ಹರಿ

ಕೀ ಆನ್ಸರ್ ಯಾವಾಗಲೂ ಸರಿಯೇ ಇರುತ್ತದೆ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. 2025ರ ಪ್ರವೇಶದ ಕ್ಲಾಟ್ ಉತ್ತರಗಳ ಜಗಳ ದೆಹಲಿ ಹೈಕೋರ್ಟಿಗೆ ಹೋಗಿ, ಸುಪ್ರೀಂ ಕೋರ್ಟ್ ತನಕ ಮುಟ್ಟಲಿಲ್ವಾ?

ನಾಗರಭಾವಿ ಅಕ್ಕ

ಮುಟ್ಟಿತು. ಕೀ ದೇವರ ವಾಕ್ಯ ಅಲ್ಲ. ಆದರೆ ಕೀ ತಪ್ಪು ಅನ್ನುವ ಮೊದಲು ಎರಡು ಕೆಲಸ ಮಾಡಬೇಕು. ಕೀ ಹೇಳಿದ ಆಯ್ಕೆ ಯಾಕೆ ಸರಿ ಇರಬಹುದು ಅಂತ ಅವರ ಪರವಾಗಿ ವಾದ ಮಾಡಬೇಕು. ನಾವು ಹಿಡಿದದ್ದು ಯಾಕೆ ತಪ್ಪಿರಬಹುದು ಅಂತಲೂ ವಾದ ಮಾಡಬೇಕು. ಎರಡೂ ಮಾಡಿದ ಮೇಲೂ ನಮ್ಮದೇ ನಿಂತರೆ ಆಕ್ಷೇಪಣೆ ಹಾಕಿ, ಅದಕ್ಕೆ ಅಂತಲೇ ಕನ್ಸಾರ್ಟಿಯಂ ಸಮಯ ಕೊಡುತ್ತದೆ. ಖಾಸಗಿ ಮಾಕ್‌ಗಳಲ್ಲಿ ಕೀ ತಪ್ಪಿರುವುದು ಅಪರೂಪ ಏನಲ್ಲ. ಮೇಲಿನ ಒನ್‌ವೇ ಪ್ರಶ್ನೆಯಲ್ಲಿ ಮಾತ್ರ ತಪ್ಪಿಲ್ಲ.

ವಿಜಯನಗರದ ಹುಡುಗಿ

ಒನ್‌ವೇ ಪ್ಯಾಸೇಜಿನದೇ ಇನ್ನೊಂದು ಪ್ರಶ್ನೆ ಇತ್ತು. "ಇವುಗಳಲ್ಲಿ ಯಾವುದು ನಿಜವಾದರೆ ವಾದ ಅತಿ ಹೆಚ್ಚು ದುರ್ಬಲವಾಗುತ್ತದೆ?" ನನಗೆ ಉಳಿದ ಎರಡು: "ಒನ್‌ವೇ ಮಾಡಿದ ವಾರವೇ ಆ ರಸ್ತೆಗೆ ಹಂಪ್ ಹಾಕಿ ಲಾರಿಗಳನ್ನು ನಿಷೇಧಿಸಲಾಯಿತು" ಮತ್ತು "ಇನ್ನೊಂದು ನಗರದಲ್ಲಿ ಒನ್‌ವೇ ಮಾಡಿದರೂ ಅಪಘಾತ ಕಡಿಮೆಯಾಗಲಿಲ್ಲ." ಮೊದಲನೆಯದು ಪ್ಯಾಸೇಜಿನಲ್ಲಿ ಇಲ್ಲದ ಹೊಸ ವಿಷಯ, ಹಾಗಾಗಿ ಬಿಡಬೇಕಾ?

ರಾತ್ರಿ ಪಾಳಿ

ಬಿಡಬಾರದು. "ನಿಜವಾದರೆ" ಅಂತ ಅವರೇ ಹೇಳಿದ್ದಾರಲ್ಲ. ಬಲ, ದುರ್ಬಲ ಕೇಳಿದಾಗ ಹೊಸ ವಿಷಯ ಬಂದೇ ಬರುತ್ತದೆ. ಅದನ್ನು ನಿಜ ಅಂತ ಒಪ್ಪಿಕೊಂಡು, ವಾದಕ್ಕೆ ಏನಾಗುತ್ತದೆ ನೋಡಬೇಕು. ಪ್ಯಾಸೇಜಿನ ಆಚೆ ಹೋಗಬಾರದು ಅನ್ನುವ ನಿಯಮ, "ಇದರಿಂದ ಏನು ತಿಳಿಯುತ್ತದೆ" ಅಂತ ಕೇಳಿದಾಗ. ಈ ಎರಡನ್ನು ಕಲೆಸಿಕೊಳ್ಳುವವರು ಬಹಳ.

ಉತ್ತರ ಹಂಪಿನದು. ಬರೆದವನು "ಒನ್‌ವೇಯಿಂದ" ಕಡಿಮೆಯಾಯಿತು ಅಂತಾನೆ. ಅದೇ ಹೊತ್ತಿಗೆ ಲಾರಿ ನಿಂತಿದ್ದರೆ ಆ ಕೀರ್ತಿ ಒನ್‌ವೇಗೆ ಯಾಕೆ? ಬೇರೆ ನಗರದ ಮಾತು ಕೆಣಕುತ್ತದೆ ಅಷ್ಟೇ. ಅಲ್ಲಿನ ರಸ್ತೆ ಬೇರೆ, ಜನ ಬೇರೆ.

ಟೈಮ್ ಇಲ್ಲ ಗುರು

ಇದು ನನಗೂ ಉಪಯೋಗವಾಯಿತು, ಒಪ್ಪಿಕೊಳ್ಳುತ್ತೇನೆ. ಹೊಸ ವಿಷಯ ಕಂಡರೆ ಕಣ್ಣುಮುಚ್ಚಿ ಹೊಡೆದುಹಾಕುವ ಅಭ್ಯಾಸ ಎಷ್ಟೋ ಜನಕ್ಕಿದೆ. ಟೈಮಿನ ವಿಚಾರದಲ್ಲಿ ಮಾತ್ರ ನನ್ನ ಮಾತು ನನ್ನದೇ.

ವಿಜಯನಗರದ ಹುಡುಗಿ

ಇವತ್ತು ಒಂದು ದೋಷದ ಪ್ರಶ್ನೆ (ವಾದದಲ್ಲಿ ತಪ್ಪೇನು ಅಂತ ಕೇಳುವುದು) ನಾನೇ ಬಿಡಿಸಿದ್ದೇನೆ. ಸರಿ ಇದೆಯಾ ನೋಡಿ.

"ಬಡಾವಣೆಯ ಲೈಬ್ರರಿಗೆ ಬಂದ 500 ಓದುಗರನ್ನು ಕೇಳಿದಾಗ 450 ಮಂದಿ ರಾತ್ರಿ ಹತ್ತರವರೆಗೂ ಲೈಬ್ರರಿ ತೆರೆದಿರಬೇಕು ಅಂದರು. ಆದ್ದರಿಂದ ಬಡಾವಣೆಯ ಬಹುಪಾಲು ಜನರಿಗೆ ಇದು ಬೇಕಾಗಿದೆ."

ಉಳಿದದ್ದು ಸಿ ಮತ್ತು ಡಿ. ಸಿ: ಕೇಳಿದ ಜನರ ಸಂಖ್ಯೆ ತೀರಾ ಕಡಿಮೆ. ಡಿ: ಕೇಳಿದವರು ಬಡಾವಣೆಯ ಎಲ್ಲರನ್ನೂ ಪ್ರತಿನಿಧಿಸುತ್ತಾರೆ ಅಂತ ಸುಮ್ನೆ ನಂಬಲಾಗಿದೆ.

ಆಯ್ಕೆ ನೋಡುವ ಮೊದಲೇ ಹೇಳಿಕೊಂಡೆ: ಆಧಾರ ಲೈಬ್ರರಿಗೆ ಬರುವವರದ್ದು, ತೀರ್ಮಾನ ಎಲ್ಲರದ್ದು. ಹಾಗಾಗಿ ಡಿ. ಸಿ ಯಾಕಲ್ಲ ಅಂದರೆ, ಲೈಬ್ರರಿಯಲ್ಲೇ 5,000 ಜನರನ್ನು ಕೇಳಿದರೂ ತಪ್ಪು ಹಾಗೇ ಉಳಿಯುತ್ತದೆ. ಲೈಬ್ರರಿಗೆ ಬರದವರು ಆಗಲೂ ಹೊರಗೇ ಇರುತ್ತಾರೆ.

ಗಾಂಧಿಬಜಾರ್ ಮೇಷ್ಟ್ರು

ಭೇಷ್! ಕಾಲೇಜಿನಲ್ಲಿ ಇದ್ದಿದ್ದರೆ ಪೂರ್ತಿ ಮಾರ್ಕು ಕೊಡುತ್ತಿದ್ದೆ.

ನಾಗರಭಾವಿ ಅಕ್ಕ

ಸರಿ ಇದೆ. ಸಿ ಯನ್ನು ಬಿಟ್ಟ ಕಾರಣ ಉತ್ತರಕ್ಕಿಂತ ಚೆನ್ನಾಗಿದೆ. ಈಗ ಅದೇ ಪ್ಯಾಸೇಜಿಗೆ ಬಲ ಕೊಡುವ ಒಂದು ವಾಕ್ಯ ನೀನೇ ಬರಿ. ಪ್ರಶ್ನೆ ಬಿಡಿಸುವುದಕ್ಕಿಂತ ಆಯ್ಕೆ ಬರೆಯುವುದರಲ್ಲಿ ಕಲಿಯುವುದು ಜಾಸ್ತಿ.

ಹೊಸಕೆರೆಹಳ್ಳಿ ಹರಿ

ನಾನು ಹೇಳಲಾ? "ಲೈಬ್ರರಿಗೆ ಬರದವರನ್ನು ಮನೆಮನೆಗೆ ಹೋಗಿ ಕೇಳಿದಾಗಲೂ ಹೆಚ್ಚಿನವರು ರಾತ್ರಿ ಹತ್ತರವರೆಗೆ ತೆರೆದಿರಲಿ ಅಂದರು."

ನಾಗರಭಾವಿ ಅಕ್ಕ

ಹರಿ, ಇದು ಪರೀಕ್ಷೆಗೆ ಇಡುವಷ್ಟು ಚೆನ್ನಾಗಿದೆ. ಇನ್ನು ಇದರ ಪಕ್ಕ ಇಡಲು ಒಂದು ತಪ್ಪು ಆಯ್ಕೆ ಬೇಕು, ಓದಿದ ತಕ್ಷಣ ಸರಿ ಅನ್ನಿಸುವಂಥದ್ದು. ತಂಗಿ, ಅದು ನಿನ್ನ ಪಾಲಿಗೆ.

ವಿಜಯನಗರದ ಹುಡುಗಿ

"ರಾತ್ರಿ ಹತ್ತರವರೆಗೆ ತೆರೆಯಬೇಕು ಅಂದ 450 ಮಂದಿಯಲ್ಲಿ ಹೆಚ್ಚಿನವರು ದಿನಾ ಲೈಬ್ರರಿಗೆ ಬರುವವರು." ಬಲ ಕೊಟ್ಟ ಹಾಗೆ ಕಾಣುತ್ತದೆ, ಆದರೆ ಮತ್ತೆ ಲೈಬ್ರರಿಯ ಒಳಗಿನವರ ಮಾತೇ. ನಡೆಯುತ್ತದಾ ಅಕ್ಕ?

ಟೈಮ್ ಇಲ್ಲ ಗುರು

ನಡೆಯುತ್ತದೆ. ನಾನಂತೂ ಅದನ್ನೇ ಹಾಕುತ್ತಿದ್ದೆ.